ಕೊಡಗಿನಿಂದ ದುಬೈ, ಸಿಂಗಾಪುರ: ದೂರ ಎಷ್ಟು, ವಿಮಾನದಲ್ಲಿ ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಗಲ್ಫ್‌ಗೆ ಮೊದಲ ಸಲ ಕೆಲಸಕ್ಕೆ ಹೊರಟ ಹುಡುಗರು, ಸಿಂಗಾಪುರದಲ್ಲಿರುವ ಮಗಳ ಮನೆಗೆ ಹೊರಟ ಅಪ್ಪ ಅಮ್ಮ, ಹುತ್ತರಿಗೆ ಊರಿಗೆ ಬರಲು ರಜೆ ಹೊಂದಿಸುತ್ತಿರುವವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಲ್ಲಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಗಂಟೆ?

ಒಂದೇ ಸಾಲಿನ ಉತ್ತರ ಸಾಕು ಅನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕಣ್ಣೂರಿನಿಂದ ದುಬೈಗೆ ಆಕಾಶದಲ್ಲಿ ಸುಮಾರು 2,590 ಕಿ.ಮೀ., ಮೂರೂವರೆಯಿಂದ ನಾಲ್ಕು ಗಂಟೆ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ನಾಲ್ಕು ಗಂಟೆಯ ಆಚೀಚೆ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು 3,180 ಕಿ.ಮೀ., ನಾಲ್ಕೂವರೆ ಗಂಟೆ.

ಆದರೆ ಇಷ್ಟೇ ಇಟ್ಟುಕೊಂಡು ಮನೆಯಿಂದ ಹೊರಡಬೇಡಿ. ವಿಮಾನ ನಮ್ಮ ಅಂಗಳದಿಂದ ಹಾರುವುದಿಲ್ಲ, ಅಲ್ವಾ? ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಪಟ್ಟಣದವರು ಮೆಟ್ರೋ ಹತ್ತಿಯೋ ಆಟೋ ಹಿಡಿದೋ ನಿಲ್ದಾಣ ಸೇರುತ್ತಾರೆ, ನಾವು ಘಾಟಿ ಇಳಿಯಬೇಕು. ಟಿಕೆಟ್‌ನಲ್ಲಿ ಕಾಣುವ ಗಂಟೆಗಳು ಎರಡು ಬೇರೆ ದೇಶಗಳ ಗಡಿಯಾರದಲ್ಲಿ ಬರೆದಿರುವುದರಿಂದ ಅಲ್ಲೂ ಗೊಂದಲವಾಗುತ್ತದೆ. ಹಾಗಾಗಿ ಕೆಳಗೆ ಹಂತ ಹಂತವಾಗಿ ಹೇಳಿದ್ದೇನೆ. ಉದಾಹರಣೆಗೆ ದುಬೈ ಮತ್ತು ಸಿಂಗಾಪುರ ತೆಗೆದುಕೊಂಡಿದ್ದೇನೆ, ಆದರೆ ಇದೇ ಲೆಕ್ಕ ದೋಹಾ, ಮಸ್ಕತ್, ಕ್ವಾಲಾಲಂಪುರ, ಟೋಕಿಯೊ ಯಾವುದಕ್ಕೂ ನಡೆಯುತ್ತದೆ.

ಬೇಕಾಗಿರುವುದು ಇಷ್ಟೇ: ಟಿಕೆಟ್ ಅಥವಾ ವಿಮಾನದ ವೇಳಾಪಟ್ಟಿ, ಮ್ಯಾಪ್ ಇರುವ ಫೋನ್, ಒಂದು ಪೆನ್ನು, ಒಂದು ಹಾಳೆ. ಹಾಳೆ ಬೇಕೇ ಬೇಕು. ಬಾಯಿಲೆಕ್ಕದಲ್ಲಿ ದಿನಾಂಕ ತಪ್ಪುತ್ತದೆ.

ಹಂತ 1: ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಂದು ಬರೆದುಕೊಳ್ಳಿ

"ದುಬೈಗೆ" ಅಂತ ಬರೆದರೆ ಸಾಲದು, ಯಾವ ನಿಲ್ದಾಣ ಅಂತ ಬರೆಯಿರಿ. ಪ್ರತಿ ವಿಮಾನ ನಿಲ್ದಾಣಕ್ಕೂ ಮೂರು ಇಂಗ್ಲಿಷ್ ಅಕ್ಷರಗಳ ಒಂದು ಗುರುತು ಇರುತ್ತದೆ, ಟಿಕೆಟ್‌ನಲ್ಲಿ ಅದೇ ದೊಡ್ಡದಾಗಿ ಕಾಣುವುದು. ಬೆಂಗಳೂರಿಗೆ ಬಿಎಲ್‌ಆರ್, ಕಣ್ಣೂರಿಗೆ ಸಿಎನ್‌ಎನ್, ಮಂಗಳೂರಿಗೆ ಐಎಕ್ಸ್‌ಇ, ಕೋಯಿಕ್ಕೋಡ್‌ಗೆ ಸಿಸಿಜೆ. ಆ ಕಡೆ ದುಬೈಗೆ ಡಿಎಕ್ಸ್‌ಬಿ, ಸಿಂಗಾಪುರಕ್ಕೆ ಎಸ್‌ಐಎನ್.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಕೆಲವು ಊರುಗಳಿಗೆ ಎರಡೆರಡು ನಿಲ್ದಾಣಗಳಿವೆ. ದುಬೈಯಲ್ಲೇ ಹಳೆಯ ದೊಡ್ಡ ನಿಲ್ದಾಣ ಒಂದು, ಅಲ್ ಮಕ್ತೂಮ್ ಇನ್ನೊಂದು. ಪಕ್ಕದ ಶಾರ್ಜಾದ ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ತೆಗೆದುಕೊಳ್ಳುವವರೂ ಇದ್ದಾರೆ, ಅದೇನೂ ತಪ್ಪಲ್ಲ, ಆದರೆ ಕರೆದುಕೊಂಡು ಹೋಗಲು ಬರುವವರಿಗೆ ಅದನ್ನು ಮೊದಲೇ ಹೇಳಬೇಕು. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್, ಟೋಕಿಯೊದಲ್ಲಿ ನರಿತಾ ಮತ್ತು ಹನೇಡಾ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತಬೇಕಾಗಿ ಬಂದರೆ ಊರೊಳಗೇ ಗಂಟೆಗಟ್ಟಲೆ ಹೋಗುತ್ತದೆ.

ಹಂತ 2: ಆಕಾಶದ ದೂರ ತೆಗೆಯಿರಿ

ಭೂಮಿ ಗುಂಡಗಿದೆ, ಮ್ಯಾಪ್ ಚಪ್ಪಟೆ. ಚಪ್ಪಟೆ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅತಿ ಹತ್ತಿರದ ದಾರಿ ಆಗಿರುವುದಿಲ್ಲ. ಒಂದು ಕೊಡಗಿನ ಕಿತ್ತಳೆ ತೆಗೆದುಕೊಂಡು ಅದರ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಇಡಿ, ಒಂದು ಬೆಂಗಳೂರು, ಇನ್ನೊಂದು ಟೋಕಿಯೊ ಅಂದುಕೊಳ್ಳಿ. ಎರಡರ ಮಧ್ಯೆ ನೂಲು ಬಿಗಿಯಾಗಿ ಎಳೆದು ಹಿಡಿದರೆ ಆ ನೂಲು ತಾನೇ ಸ್ವಲ್ಪ ಮೇಲಕ್ಕೆ ಸರಿದು ಕೂರುತ್ತದೆ. ಆ ನೂಲಿನ ದಾರಿಯೇ ವಿಮಾನದವರು ಲೆಕ್ಕ ಹಾಕುವ ದೂರ. ಇಂಗ್ಲಿಷ್‌ನಲ್ಲಿ ಇದಕ್ಕೆ ಗ್ರೇಟ್ ಸರ್ಕಲ್ ಅನ್ನುತ್ತಾರೆ, ಅಂದರೆ ಗುಂಡಗಿನ ಭೂಮಿಯ ಮೇಲೆ ಎರಡು ಜಾಗಗಳ ನಡುವಿನ ಅತಿ ಚಿಕ್ಕ ದಾರಿ.

ಇದನ್ನು ನೀವು ಕೈಯಲ್ಲಿ ಲೆಕ್ಕ ಹಾಕಬೇಕಾಗಿಲ್ಲ. ಫೋನಿನ ಗೂಗಲ್ ಮ್ಯಾಪ್‌ನಲ್ಲಿ ಹೊರಡುವ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಒಂದು ಪಿನ್ ಬೀಳುತ್ತದೆ. ಕೆಳಗೆ ಬರುವ ಆಯ್ಕೆಗಳಲ್ಲಿ ದೂರ ಅಳೆಯುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ ಮ್ಯಾಪ್ ಸರಿಸುತ್ತಾ ಇಳಿಯುವ ನಿಲ್ದಾಣದ ಮೇಲೆ ತಂದು ನಿಲ್ಲಿಸಿದರೆ ಆಕಾಶದ ದೂರ ಕಾಣುತ್ತದೆ. ಊರಿನ ಹೆಸರಿನ ಮೇಲೆ ಪಿನ್ ಹಾಕಬೇಡಿ, ನಿಲ್ದಾಣದ ಮೇಲೇ ಹಾಕಿ.

ಗಮನಿಸಿ: ಅದೇ ಮ್ಯಾಪ್‌ನಲ್ಲಿ "ದಾರಿ ತೋರಿಸು" ಒತ್ತಿದರೆ ಬರುವುದು ರಸ್ತೆ ದೂರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ಗೊಂದಲ ಮೈಲಿಯದು. ವಿಮಾನದವರ ಮೈಲಿ ನಾಟಿಕಲ್ ಮೈಲಿ, ಅಂದರೆ ಸಮುದ್ರಯಾನದ ಮೈಲಿ, 1.852 ಕಿ.ಮೀ. ನಮ್ಮ ಹಳೆಯ ರಸ್ತೆ ಮೈಲಿ 1.609 ಕಿ.ಮೀ. ಒಂದು ಕಡೆ 1,400 ಮೈಲಿ, ಇನ್ನೊಂದು ಕಡೆ 1,600 ಮೈಲಿ ಅಂತ ಕಂಡರೆ ಎರಡೂ ಒಂದೇ ದೂರ ಇರಬಹುದು.

ಹೀಗೆ ಅಳೆದಾಗ ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿ.ಮೀ. ಬರುತ್ತದೆ. ಕಣ್ಣೂರಿಗಿಂತ 130 ಕಿ.ಮೀ. ಕಡಿಮೆ. ಈ 130 ಅನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಹಂತ 7ರಲ್ಲಿ ಬೇಕಾಗುತ್ತದೆ.

ಹಂತ 3: ದೂರವನ್ನು ಗಂಟೆಗೆ ತಿರುಗಿಸಿ

ದೊಡ್ಡ ಜೆಟ್ ವಿಮಾನಗಳು 10ರಿಂದ 12 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 830ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಆದರೆ ಬಾಗಿಲು ಮುಚ್ಚಿದ ಕೂಡಲೇ ಆ ವೇಗ ಬರುವುದಿಲ್ಲ. ರನ್‌ವೇವರೆಗೆ ನೆಲದ ಮೇಲೆ ಉರುಳಬೇಕು (ಇದಕ್ಕೇ ಟ್ಯಾಕ್ಸಿ ಮಾಡುವುದು ಅನ್ನುತ್ತಾರೆ), ಸರದಿಯಲ್ಲಿ ನಿಲ್ಲಬೇಕು, ಮೇಲೇರಬೇಕು, ಕೊನೆಗೆ ನಿಧಾನವಾಗಿ ಇಳಿಯಬೇಕು.

ಹಾಗಾಗಿ ಸುಲಭದ ಲೆಕ್ಕ ಇದು: ದೂರವನ್ನು 850ರಿಂದ ಭಾಗಿಸಿ, ಅದಕ್ಕೆ 40 ನಿಮಿಷ ಸೇರಿಸಿ.

ಕಣ್ಣೂರು ದುಬೈ: 2,590ನ್ನು 850ರಿಂದ ಭಾಗಿಸಿದರೆ 3 ಗಂಟೆ 3 ನಿಮಿಷ. 40 ಸೇರಿಸಿದರೆ 3 ಗಂಟೆ 43 ನಿಮಿಷ.

ಬೆಂಗಳೂರು ಸಿಂಗಾಪುರ: 3,180ನ್ನು 850ರಿಂದ ಭಾಗಿಸಿದರೆ 3 ಗಂಟೆ 45 ನಿಮಿಷದ ಹತ್ತಿರ. 40 ಸೇರಿಸಿದರೆ 4 ಗಂಟೆ 25 ನಿಮಿಷ.

ಟಿಕೆಟ್‌ನಲ್ಲಿ ಬರೆದಿರುವ ಪ್ರಯಾಣದ ಅವಧಿಯೂ ಇದರ ಹತ್ತಿರವೇ ಇರುತ್ತದೆ, ಹತ್ತಿಪ್ಪತ್ತು ನಿಮಿಷ ಹೆಚ್ಚು ಕಡಿಮೆ. ಆ ಅವಧಿಯನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ಆ ಕಡೆಯ ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ ಅದು. ಪೈಲಟ್ "ಇನ್ನು ಮೂರು ಗಂಟೆ ಹತ್ತು ನಿಮಿಷದಲ್ಲಿ ತಲುಪುತ್ತೇವೆ" ಅಂದರೆ ಅವರು ಹೇಳುವುದು ಹಾರಾಟದ ಹೊತ್ತು ಮಾತ್ರ. ಟಿಕೆಟ್‌ನಲ್ಲಿ ಜಾಸ್ತಿ ಇತ್ತಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಈ ಲೆಕ್ಕ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನಗಳಿಗೆ, ಅಂದರೆ ಎಟಿಆರ್‌ಗಳಿಗೆ ನಡೆಯುವುದಿಲ್ಲ. ಅವುಗಳ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ ಚಿಕ್ಕದು, ಅಲ್ಲಿ ಇಳಿಯುವುದು ಇಂಥ ವಿಮಾನಗಳೇ. ಮೈಸೂರಿನಿಂದ ಬೇರೆ ಊರಿಗೆ ಹೋಗಿ ಅಲ್ಲಿಂದ ವಿದೇಶದ ವಿಮಾನ ಹಿಡಿಯುವವರು ಆ ತುಂಡಿಗೆ 850ರ ಬದಲು 480 ಹಾಕಿ.

ಹಂತ 4: ಗಾಳಿಗೆ ಸ್ವಲ್ಪ ಜಾಗ ಬಿಡಿ

ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಯಾಕೆ? ದೂರ ಒಂದೇ ಅಲ್ವಾ? ಇದಕ್ಕೆ ಕಾರಣ ಮೇಲಿನ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಕೊಲ್ಲಿಯ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಇದು ಜೆಟ್ ಸ್ಟ್ರೀಮ್, ಆಕಾಶದಲ್ಲಿ ನದಿ ಹಾಗೆ ಹರಿಯುವ ಗಾಳಿ. ಡಿಸೆಂಬರ್, ಜನವರಿಯಲ್ಲಿ ದುಬೈಗೆ ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ.

ಎಷ್ಟು ವ್ಯತ್ಯಾಸ ಆಗಬಹುದು ಅಂತ ನೋಡಿ. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಎದುರುಗಾಳಿ ಇದೆ ಅಂದುಕೊಳ್ಳೋಣ. ಆಗ ನೆಲಕ್ಕೆ ಹೋಲಿಸಿದರೆ ವೇಗ 750. ಕಣ್ಣೂರಿನಿಂದ ದುಬೈಗೆ 3 ಗಂಟೆ 27 ನಿಮಿಷದ ಹಾರಾಟ. ಅದೇ ಗಾಳಿ ಬೆನ್ನಿಗಿದ್ದರೆ ವೇಗ 950, ಹಾರಾಟ 2 ಗಂಟೆ 44 ನಿಮಿಷ. ಮುಕ್ಕಾಲು ಗಂಟೆ ವ್ಯತ್ಯಾಸ! ನಿಜವಾಗಿ ದಾರಿಯುದ್ದಕ್ಕೂ ಒಂದೇ ಗಾಳಿ ಇರುವುದಿಲ್ಲ, ಅರ್ಧ ದಾರಿ ದಕ್ಷಿಣದಲ್ಲೇ ಇರುವುದರಿಂದ ವ್ಯತ್ಯಾಸ ಇದಕ್ಕಿಂತ ಕಡಿಮೆ.

ಮಳೆಗಾಲದಲ್ಲಿ ಕತೆ ಬೇರೆ. ನಮ್ಮ ದಕ್ಷಿಣ ಭಾರತದ ಮೇಲೆ ಆಗ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಗಾಳಿ ಬರುತ್ತದೆ. ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1950ರ ದಶಕದಲ್ಲಿ ಇದರ ಬಗ್ಗೆ ಬರೆದರು. ಕೆಳಗೆ ಮುಂಗಾರು ಅರಬ್ಬೀ ಸಮುದ್ರದಿಂದ ನಮ್ಮ ಬೆಟ್ಟಗಳ ಕಡೆ ನುಗ್ಗುತ್ತಿರುವಾಗ, ತುಂಬಾ ಮೇಲೆ ಗಾಳಿ ಅದಕ್ಕೆ ತಿರುಗಾ ಓಡುತ್ತಿರುತ್ತದೆ. ಈ ಗಾಳಿಯ ಜೋರು 14 ಕಿ.ಮೀ.ಗಿಂತ ಮೇಲೆ, ವಿಮಾನ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಆದರೂ ಅಂಚಿನ ಗಾಳಿ ತಗಲುತ್ತದೆ. ಹಾಗಾಗಿ ಚಳಿಗಾಲದ ಲೆಕ್ಕವನ್ನು ಜುಲೈಗೆ ಹಾಕಬೇಡಿ.

ಸಿಂಗಾಪುರ ಸಮಭಾಜಕದ ಹತ್ತಿರ ಇರುವುದರಿಂದ ಅಲ್ಲಿಗೆ ಹೋಗಿ ಬರುವುದರಲ್ಲಿ ವ್ಯತ್ಯಾಸ ಕಡಿಮೆ. ಆದರೆ ಟೋಕಿಯೊ ಕಡೆ ಹೋಗುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬೆಂಗಳೂರಿನಿಂದ ನರಿತಾಕ್ಕೆ ಸುಮಾರು 6,700 ಕಿ.ಮೀ., ಹೋಗುವಾಗ ಎಂಟು ಗಂಟೆ ಚಿಲ್ಲರೆ ಸಾಕಾದರೆ ಬರುವಾಗ ಹತ್ತು ಗಂಟೆಯ ಹತ್ತಿರ ಬೇಕಾಗುತ್ತದೆ.

ಕೆಲವೊಮ್ಮೆ ದಾರಿಯೇ ಬದಲಾಗುತ್ತದೆ. 2019ರಲ್ಲಿ ಮತ್ತೆ 2025ರಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ದೆಹಲಿ ಕಡೆಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು. ಕಣ್ಣೂರು, ಮಂಗಳೂರು, ಬೆಂಗಳೂರಿನಿಂದ ದುಬೈಗೆ ಹೋಗುವ ದಾರಿ ಅರಬ್ಬೀ ಸಮುದ್ರದ ಮೇಲೇ ಇರುವುದರಿಂದ ನಮಗೆ ಆ ತೊಂದರೆ ಅಷ್ಟಾಗಿ ಇಲ್ಲ. ಆದರೆ 2025ರ ಜೂನ್‌ನಲ್ಲಿ ಕತಾರ್ ಕೆಲವು ಗಂಟೆ ಆಕಾಶ ಮುಚ್ಚಿದಾಗ ಗಲ್ಫ್ ಪ್ರಯಾಣಿಕರೆಲ್ಲ ಸಿಕ್ಕಿಹಾಕಿಕೊಂಡರು. ಆ ಕಡೆ ಗಲಾಟೆ ಇರುವ ದಿನಗಳಲ್ಲಿ ಮನೆ ಬಿಡುವ ಮೊದಲು ವಿಮಾನದ ಸ್ಥಿತಿ ನೋಡಿಕೊಳ್ಳಿ.

ಹಂತ 5: ಎರಡೂ ಗಡಿಯಾರವನ್ನು ನಮ್ಮ ಟೈಮಿಗೆ ತನ್ನಿ

ಅತಿ ಹೆಚ್ಚು ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಟಿಕೆಟ್‌ನಲ್ಲಿ ಹೊರಡುವ ಟೈಮ್ ಹೊರಡುವ ಊರಿನದು, ತಲುಪುವ ಟೈಮ್ ತಲುಪುವ ಊರಿನದು. ಇದಕ್ಕೆ ಯಾವ ವಿಮಾನ ಕಂಪನಿಯೂ ಹೊರತಲ್ಲ.

ಈ ಪಟ್ಟಿ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ:

ದುಬೈ, ಅಬುಧಾಬಿ, ಶಾರ್ಜಾ, ಮಸ್ಕತ್: ನಮಗಿಂತ ಒಂದೂವರೆ ಗಂಟೆ ಹಿಂದೆ.
ಸೌದಿ, ಕತಾರ್, ಕುವೈತ್, ಬಹ್ರೇನ್: ನಮಗಿಂತ ಎರಡೂವರೆ ಗಂಟೆ ಹಿಂದೆ.
ಬ್ಯಾಂಕಾಕ್: ಒಂದೂವರೆ ಗಂಟೆ ಮುಂದೆ.
ಸಿಂಗಾಪುರ, ಕ್ವಾಲಾಲಂಪುರ, ಹಾಂಗ್‌ಕಾಂಗ್: ಎರಡೂವರೆ ಗಂಟೆ ಮುಂದೆ.
ಟೋಕಿಯೊ, ಸೋಲ್: ಮೂರೂವರೆ ಗಂಟೆ ಮುಂದೆ.
ಕೊಲಂಬೊ: ನಮ್ಮದೇ ಟೈಮ್.

ಈ ಊರುಗಳಲ್ಲಿ ಯೂರೋಪ್, ಅಮೆರಿಕದ ಹಾಗೆ ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ವರ್ಷವಿಡೀ ಇದೇ ಲೆಕ್ಕ.

ಈಗ ಸಿಂಗಾಪುರದ ಉದಾಹರಣೆ. ಬೆಂಗಳೂರಿನಿಂದ ರಾತ್ರಿ 11ಕ್ಕೆ ಹೊರಡುತ್ತದೆ, ಸಿಂಗಾಪುರಕ್ಕೆ ಬೆಳಿಗ್ಗೆ 6ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ ಅಂದುಕೊಳ್ಳಿ (ಲೆಕ್ಕಕ್ಕಾಗಿ ಹಾಕಿದ ಟೈಮ್ ಇದು, ನಿಮ್ಮ ವಿಮಾನದ್ದನ್ನು ನೀವು ಹಾಕಿಕೊಳ್ಳಿ). ನೋಡಿದ ಕೂಡಲೇ ಏಳು ಗಂಟೆ ಅನಿಸುತ್ತದೆ. ಆದರೆ ಸಿಂಗಾಪುರದ ಬೆಳಿಗ್ಗೆ 6 ಅಂದರೆ ನಮಗೆ ಬೆಳಗಿನ ಜಾವ 3:30. ರಾತ್ರಿ 11ರಿಂದ 3:30ಕ್ಕೆ ನಾಲ್ಕೂವರೆ ಗಂಟೆ. ಅಷ್ಟೇ. ಬರುವಾಗ ಸಿಂಗಾಪುರದಲ್ಲಿ ರಾತ್ರಿ 8ಕ್ಕೆ ಹತ್ತಿದರೆ ಬೆಂಗಳೂರಿಗೆ ರಾತ್ರಿ 10:30ರ ಹೊತ್ತಿಗೆ ಬರುತ್ತೀರಿ. ಎರಡೂವರೆ ಗಂಟೆಯಲ್ಲಿ ಬಂದುಬಿಟ್ಟೆವಾ? ಇಲ್ಲ, ಅಲ್ಲಿಯ ರಾತ್ರಿ 8 ನಮಗೆ ಸಂಜೆ 5:30. ಅಂದರೆ ಐದು ಗಂಟೆ ಕೂತಿದ್ದೀರಿ. ಊಟ, ನಿದ್ದೆ, ಬಿಪಿ ಸಕ್ಕರೆ ಮಾತ್ರೆ ಎಲ್ಲವನ್ನೂ ಈ ಐದು ಗಂಟೆಗೆ ಹೊಂದಿಸಬೇಕೇ ಹೊರತು ಟಿಕೆಟ್‌ನಲ್ಲಿ ಕಾಣುವ ಎರಡೂವರೆಗಲ್ಲ.

ದುಬೈಗೆ ಇದು ತಿರುಗಾಮುರುಗಾ. ಕಣ್ಣೂರಿನಿಂದ ರಾತ್ರಿ 8ಕ್ಕೆ ಹೊರಟರೆ ದುಬೈಯಲ್ಲಿ 10:15. ಎರಡೂಕಾಲು ಗಂಟೆ ಅನಿಸುತ್ತದೆ, ನಿಜವಾಗಿ ಮೂರೂಮುಕ್ಕಾಲು. ಬರುವಾಗ ಅಲ್ಲಿ ರಾತ್ರಿ 11:30ಕ್ಕೆ ಹೊರಟರೆ ಇಲ್ಲಿ ಬೆಳಗಿನ ಜಾವ 4:30. ಐದು ಗಂಟೆ ಅನಿಸುತ್ತದೆ, ನಿಜವಾಗಿ ಮೂರೂವರೆ.

ಇನ್ನು ದಿನಾಂಕ. ದಯವಿಟ್ಟು ಈ ಒಂದು ಪ್ಯಾರಾ ಎರಡು ಸಲ ಓದಿ. ಟಿಕೆಟ್‌ನಲ್ಲಿ "10ನೇ ತಾರೀಕು, 00:30" ಅಂತ ಇದ್ದರೆ ಅದು 10ರ ರಾತ್ರಿ ಅಲ್ಲ. 9ನೇ ತಾರೀಕು ರಾತ್ರಿ ಊಟ ಮಾಡಿದ ಮೇಲೆ ಬರುವ ಹನ್ನೆರಡೂವರೆ. ಬೆಂಗಳೂರಿನಿಂದಾದರೆ ನೀವು ಮಡಿಕೇರಿ ಬಿಡಬೇಕಾದ್ದು 9ರ ಮಧ್ಯಾಹ್ನ. 10ಕ್ಕೆ ಹೊರಡೋಣ ಅಂತ ಕೂತರೆ ವಿಮಾನ ಹೋಗಿ ಇಡೀ ದಿನ ಆಗಿರುತ್ತದೆ, ದುಡ್ಡೂ ಹೋಗಿರುತ್ತದೆ. ಹಾಗೆಯೇ ತಲುಪುವ ಟೈಮ್ ಪಕ್ಕದಲ್ಲಿ ಚಿಕ್ಕದಾಗಿ +1 ಅಂತ ಇದ್ದರೆ ಮರುದಿನ ತಲುಪುತ್ತೀರಿ ಅಂತ ಅರ್ಥ. ಹೋಟೆಲ್ ಬುಕ್ ಮಾಡುವಾಗ, ಕೆಲಸಕ್ಕೆ ಸೇರುವ ದಿನ ಹೇಳುವಾಗ ಅದನ್ನು ನೋಡಿ.

ಹಂತ 6: ಮಧ್ಯೆ ಇಳಿಯುವುದಿದ್ದರೆ

ನಾನ್‌ಸ್ಟಾಪ್ ಅಂದರೆ ಹತ್ತಿದ ಮೇಲೆ ನೇರ ಅಲ್ಲೇ ಇಳಿಯುವುದು. ಡೈರೆಕ್ಟ್ ಅಂತ ಬರೆದಿದ್ದರೆ ವಿಮಾನದ ನಂಬರ್ ಒಂದೇ, ಆದರೆ ದಾರಿಯಲ್ಲಿ ಎಲ್ಲಾದರೂ ಇಳಿದು ಹೋಗಬಹುದು. ಕನೆಕ್ಟಿಂಗ್ ಅಂದರೆ ವಿಮಾನ ಬದಲಿಸಬೇಕು, ಮಧ್ಯೆ ಕಾಯುವ ಹೊತ್ತಿಗೆ ಲೇಓವರ್ ಅನ್ನುತ್ತಾರೆ.

ಕಾಯುವ ಹೊತ್ತು ಎರಡು ಗಂಟೆಗಿಂತ ಕಡಿಮೆ ಇದ್ದರೆ ವಯಸ್ಸಾದವರಿಗೆ, ಮಕ್ಕಳಿರುವವರಿಗೆ ಬೇಡ. ಮುಖ್ಯವಾಗಿ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್‌ನ ಗುರುತಿನ ನಂಬರ್) ಇದೆಯಾ ನೋಡಿ. ಇದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕಂಪನಿಯವರೇ ಮುಂದಿನ ವ್ಯವಸ್ಥೆ ಮಾಡಿಕೊಡುತ್ತಾರೆ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡಿದ್ದರೆ ಎರಡನೆಯ ಕಂಪನಿಗೆ ನಿಮ್ಮ ತಡದ ಸಂಬಂಧವೇ ಇಲ್ಲ. ಬ್ಯಾಗೂ ನೀವೇ ತೆಗೆದು ಮತ್ತೆ ಕೊಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಎರಡು ಮೂರು ಸಾವಿರ ಉಳಿಯುತ್ತದೆ ಅಂತ ಹೀಗೆ ಮಾಡಬೇಡಿ ಅನ್ನುವುದೇ ನನ್ನ ಮಾತು.

ಹಂತ 7: ಮನೆಯಿಂದ ನಿಲ್ದಾಣದವರೆಗೆ

ನಮಗೆ ನಿಜವಾದ ಪ್ರಯಾಣ ಇದೇ. ಹಂತ 2ರ 130 ಕಿ.ಮೀ. ನೆನಪಿದೆಯಲ್ಲ? ಆಕಾಶದಲ್ಲಿ ಅದು ಒಂಬತ್ತು ನಿಮಿಷ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಹೋಗುವ ರಸ್ತೆಯಲ್ಲಿ ಅಷ್ಟೇ ದೂರಕ್ಕೆ ಮೂರೂವರೆ, ನಾಲ್ಕು ಗಂಟೆ. ಹಾಗಾಗಿ ಯಾವ ನಿಲ್ದಾಣ ಹತ್ತಿರ ಅನ್ನುವುದನ್ನು ರಸ್ತೆ ನೋಡಿ ತೀರ್ಮಾನಿಸಿ, ಆಕಾಶ ನೋಡಿ ಅಲ್ಲ.

ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ, ನಾಪೋಕ್ಲು ಕಡೆಯವರಿಗೆ ಗಲ್ಫ್‌ಗೆ ಕಣ್ಣೂರೇ ಒಳ್ಳೆಯದು. ಮಟ್ಟನ್ನೂರಿನಲ್ಲಿರುವ ಈ ನಿಲ್ದಾಣ 2018ರ ಡಿಸೆಂಬರ್ 9ರಂದು ಶುರುವಾಯಿತು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪೊಳೆ, ಇರಿಟ್ಟಿ ದಾರಿಯಲ್ಲಿ ಸುಮಾರು 60 ಕಿ.ಮೀ., ಒಳ್ಳೆಯ ದಿನ ಎರಡು ಗಂಟೆ. ಮಡಿಕೇರಿಯವರು ಇನ್ನೊಂದು ಗಂಟೆ ಸೇರಿಸಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಕುಟ್ಟ ದಾರಿಯನ್ನು ಪೂರ್ತಿ ನಂಬಬೇಡಿ. 2018ರ ಮಳೆಯಲ್ಲಿ ಈ ಘಾಟಿ ಕುಸಿದದ್ದು ಎಲ್ಲರಿಗೂ ಗೊತ್ತು. ಕುಸಿಯದಿದ್ದರೂ ಒಂದು ಮರ ಅಡ್ಡ ಬಿದ್ದರೆ ಕತ್ತರಿಸಿ ಸರಿಸುವವರೆಗೆ ನಿಲ್ಲಲೇಬೇಕು. ದಾರಿಯಲ್ಲಿ ಫೋನ್ ಸಿಗ್ನಲ್ ಸಿಗದ ಜಾಗಗಳಿವೆ, ರಾತ್ರಿ ಆನೆ ರಸ್ತೆಗೆ ಬರುತ್ತದೆ. ಮಳೆಗಾಲದಲ್ಲಿ ಎರಡು ಗಂಟೆಯ ಜಾಗದಲ್ಲಿ ನಾಲ್ಕು ಇಡಿ, ಮತ್ತು ಹೊರಡುವ ದಿನ ಬೆಳಿಗ್ಗೆ ಆ ದಾರಿಯಲ್ಲಿ ಓಡಾಡುವ ಯಾರಾದರೂ ಡ್ರೈವರ್‌ಗೆ ಫೋನ್ ಮಾಡಿ ರಸ್ತೆ ತೆರೆದಿದೆಯಾ ಕೇಳಿ. ಮ್ಯಾಪ್‌ಗಿಂತ ಅವರ ಮಾತು ಗ್ಯಾರಂಟಿ.

ಮಡಿಕೇರಿಯಿಂದ ಮಂಗಳೂರು ನಿಲ್ದಾಣಕ್ಕೆ ನಾಲ್ಕು ಗಂಟೆ ಇಡಿ. ಈ ರಸ್ತೆಯೂ 2018ರಲ್ಲಿ ಕೊಚ್ಚಿಹೋಗಿತ್ತು, ಭಾರಿ ಮಳೆ ಬಂದಾಗ ವಾಹನ ನಿಲ್ಲಿಸುತ್ತಾರೆ.

ಸಿಂಗಾಪುರ ಕಡೆಗಾದರೆ ಬೆಂಗಳೂರೇ ಸುಲಭ. ಮಡಿಕೇರಿಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ 300 ಕಿ.ಮೀ. ಹತ್ತಿರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು ಬೆಂಗಳೂರು ಹೆದ್ದಾರಿಯಿಂದ ಹೊತ್ತು ಉಳಿದಿದೆ ನಿಜ, ಆದರೆ ಉಳಿಸಿದ್ದೆಲ್ಲ ಬೆಂಗಳೂರು ಒಳಗೆ ಹೋಗಿಬಿಡುತ್ತದೆ. ಕೆಂಗೇರಿ ತಲುಪಿದ ಮೇಲೂ ದೇವನಹಳ್ಳಿಗೆ ಎರಡು ಗಂಟೆ ಇಡಿ, ಸಂಜೆಯಾದರೆ ಇನ್ನೂ ಜಾಸ್ತಿ. ಒಟ್ಟು ಏಳು ಗಂಟೆ ಅಂತ ಬರೆದುಕೊಳ್ಳಿ. ಸೋಮವಾರಪೇಟೆ, ಶನಿವಾರಸಂತೆ ಕಡೆಯವರು ಮೈಸೂರಿಗೆ ಇಳಿಯದೆ ಹಾಸನ ಅಥವಾ ಚನ್ನರಾಯಪಟ್ಟಣದ ಕಡೆಯಿಂದ ನೆಲಮಂಗಲಕ್ಕೆ ಬಂದು, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು, ನಗರದೊಳಗೆ ಹೋಗುವುದು ತಪ್ಪುತ್ತದೆ. ಸ್ವಂತ ಗಾಡಿ ಇಲ್ಲದವರು ಮೈಸೂರಿನವರೆಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹಿಡಿದರೆ ನೇರ ನಿಲ್ದಾಣದ ಬಾಗಿಲಿಗೇ ಬಿಡುತ್ತಾರೆ. ಬೆಂಗಳೂರಿನಲ್ಲಿ ವಿದೇಶದ ವಿಮಾನಗಳು ಟರ್ಮಿನಲ್ 2ರಿಂದ. ಟ್ಯಾಕ್ಸಿಯವರಿಗೆ ಹತ್ತುವಾಗಲೇ ಹೇಳಿ.

ವಿಮಾನ ಹೊರಡುವ ಹೊತ್ತಿಗಿಂತ ಮೂರು ಗಂಟೆ ಮೊದಲು ನಿಲ್ದಾಣ ತಲುಪಬೇಕು. ಬ್ಯಾಗ್ ತೆಗೆದುಕೊಳ್ಳುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಕೆಲವು ಕಂಪನಿಗಳದ್ದು ಅದಕ್ಕೂ ಮೊದಲು. ಮುಚ್ಚಿದ ಮೇಲೆ ಕೈಮುಗಿದರೂ ತೆರೆಯುವುದಿಲ್ಲ. ಮೊದಲ ಸಲ ಕೆಲಸದ ವೀಸಾದಲ್ಲಿ ಹೋಗುವವರಿಗೆ ಇಮಿಗ್ರೇಶನ್‌ನಲ್ಲಿ, ಅಂದರೆ ಪಾಸ್‌ಪೋರ್ಟ್‌ಗೆ ಮುದ್ರೆ ಹಾಕುವಲ್ಲಿ, ಕಾಗದಪತ್ರ ನೋಡಲು ಹೊತ್ತು ಹಿಡಿಯುತ್ತದೆ. ಅವರು ಮೂರರ ಬದಲು ನಾಲ್ಕು ಗಂಟೆ ಇಟ್ಟುಕೊಳ್ಳಲಿ.

ಮಳೆಗಾಲದಲ್ಲಿ ಇನ್ನೊಂದು ಕೆಲಸ: ಟಿಕೆಟ್, ವೀಸಾ, ಬೋರ್ಡಿಂಗ್ ಪಾಸ್ ಎಲ್ಲವನ್ನೂ ಎರಡು ದಿನ ಮೊದಲೇ ಅಥವಾ ಸಿಕ್ಕ ಕೂಡಲೇ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಕರೆಂಟ್ ಹೋಗಿ, ಟವರ್ ಸತ್ತು, ಫೋನ್ ಚಾರ್ಜ್ ಇಲ್ಲದೆ ಹೊರಡುವ ದಿನ ಒದ್ದಾಡುವುದು ಬೇಡ.

ಹಂತ 8: ಎಲ್ಲ ಕೂಡಿಸಿ

ವಿರಾಜಪೇಟೆಯಿಂದ ಕಣ್ಣೂರು ಮೇಲೆ ದುಬೈ, ಮಳೆ ಇಲ್ಲದ ದಿನ: ರಸ್ತೆ 2 ಗಂಟೆ, ನಿಲ್ದಾಣದಲ್ಲಿ 3, ವಿಮಾನ 3:45, ಅಲ್ಲಿ ಇಳಿದು ಹೊರಗೆ ಬರಲು 1. ಒಟ್ಟು 9 ಗಂಟೆ 45 ನಿಮಿಷ.

ಅದೇ ವಿರಾಜಪೇಟೆಯಿಂದ ಬೆಂಗಳೂರು ಮೇಲೆ ದುಬೈ: ರಸ್ತೆ 7, ನಿಲ್ದಾಣ 3, ವಿಮಾನ 4, ಹೊರಗೆ ಬರಲು 1. ಒಟ್ಟು 15 ಗಂಟೆ. ಬೆಂಗಳೂರಿನ ಟಿಕೆಟ್ ನಾಲ್ಕು ಸಾವಿರ ಕಡಿಮೆ ಅಂತ ಕಂಡರೆ ಟ್ಯಾಕ್ಸಿ ಬಾಡಿಗೆ, ದಾರಿಯ ಊಟ, ಟೋಲ್ ಕೂಡಿಸಿ ಮತ್ತೆ ನೋಡಿ.

ಮಡಿಕೇರಿಯಿಂದ ಬೆಂಗಳೂರು ಮೇಲೆ ಸಿಂಗಾಪುರ: ರಸ್ತೆ 7, ನಿಲ್ದಾಣ 3, ವಿಮಾನ 4:30, ಹೊರಗೆ ಬರಲು 1. ಒಟ್ಟು 15 ಗಂಟೆ 30 ನಿಮಿಷ. ರಾತ್ರಿ 11ರ ವಿಮಾನಕ್ಕೆ ಮಧ್ಯಾಹ್ನ 1 ಗಂಟೆಗೆ ಮನೆ ಬಿಡಬೇಕು, ನಾನಾದರೆ 12ಕ್ಕೇ ಬಿಡಿ ಅನ್ನುತ್ತೇನೆ. ಸಿಂಗಾಪುರದಲ್ಲಿ ಹೊರಗೆ ಬರುವಾಗ ಅಲ್ಲಿಯ ಬೆಳಿಗ್ಗೆ 7, ನಮ್ಮಲ್ಲಿ 4:30.

ವಾಪಸ್ ಬರುವಾಗ ಡಿಸೆಂಬರ್, ಜನವರಿಯ ಬೆಳಗಿನ ಜಾವ ಬೆಂಗಳೂರಿನಲ್ಲಿ ಮಂಜು ಇರುತ್ತದೆ. ವಿಮಾನ ಮೇಲೆ ಸುತ್ತು ಹಾಕಬೇಕಾಗಬಹುದು, ಚೆನ್ನೈ ಕಡೆಗೂ ಕಳಿಸಬಹುದು. ಹುತ್ತರಿಗೋ ಮದುವೆಗೋ ಬರುವವರು ಅದೇ ದಿನದ ಮಧ್ಯಾಹ್ನಕ್ಕೆ ಮನೆ ಸೇರುವ ಲೆಕ್ಕ ಇಡದೆ ಹಿಂದಿನ ದಿನವೇ ಬರುವ ಹಾಗೆ ಟಿಕೆಟ್ ಮಾಡಿ.

ಕೊನೆಗೆ, ಆ ಕಡೆ ಕರೆದುಕೊಂಡು ಹೋಗಲು ಬರುವವರಿಗೆ ನಾಲ್ಕು ವಿಷಯ ಮೆಸೇಜ್ ಮಾಡಿ: ವಿಮಾನದ ನಂಬರ್, ನಿಲ್ದಾಣದ ಹೆಸರು, ಟರ್ಮಿನಲ್, ಅಲ್ಲಿಯ ಟೈಮಿನಲ್ಲಿ ತಲುಪುವ ದಿನಾಂಕ ಮತ್ತು ಗಂಟೆ. ವಿಮಾನದ ನಂಬರ್ ಇದ್ದರೆ ತಡವಾದದ್ದನ್ನು ಅವರೇ ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದವರಿಗೆ ಅದೇ ಗಂಟೆಯನ್ನು ನಮ್ಮ ಟೈಮಿನಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ ಹೋಗಿ.